ತಮ್ಮಂದು ಬರಲ್ಲಮ್ಮ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಮನೆಯಲ್ಲಿ ಕೂಗಾಡಿದ್ದಾಯಿತು, ಇನ್ನು ಇಲ್ಲಿ.

2024-25ರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಸೋಕೆ ಆಡಿಟರ್ ಆಫೀಸಿಗೆ ಹೋಗಿದ್ದೆ. ನನಗಿಂತ ಮುಂದೆ ಒಬ್ಬ ಹುಡುಗಿ ಕೂತಿದ್ದಳು, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಕೈಯಲ್ಲಿ ಸೀರೆ ಅಂಗಡಿಯ ಕವರ್. ಅದರೊಳಗಿಂದ ಆಫೀಸಿನವರು ಕೊಡೋ ಸಂಬಳ-ತೆರಿಗೆ ಲೆಕ್ಕದ ಫಾರ್ಮ್ 16, ತಮ್ಮನ ಇಂಜಿನಿಯರಿಂಗ್ ಕಾಲೇಜಿನ ಫೀಸ್ ರಸೀದಿ, ಗೋಲ್ಡ್ ಲೋನ್ ಚೀಟಿ, ಎಲ್ಲ ಒಂದೊಂದಾಗಿ ತೆಗೆದು ಟೇಬಲ್ ಮೇಲೆ ಜೋಡಿಸಿದಳು. ಪ್ರತಿಯೊಂದಕ್ಕೂ ಜೆರಾಕ್ಸ್ ಬೇರೆ ಮಾಡಿಸಿಕೊಂಡು ಬಂದಿದ್ದಳು, ಪಾಪ.

"ಯಾರ ಫೀಸಮ್ಮ ಇದು?"

"ತಮ್ಮಂದು ಸಾರ್. ಅಪ್ಪ ಇಲ್ಲ, ನಾನೇ ಕಟ್ಟೋದು."

"ತಮ್ಮಂದು ಬರಲ್ಲಮ್ಮ."

ಅಷ್ಟೇ. ರಸೀದಿ ವಾಪಸ್ ಕವರ್ ಒಳಗೆ ಹೋಯಿತು.

ಆಡಿಟರ್ ಹೇಳಿದ್ದು ಸರಿಯೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ವರ್ಷದ ಕಾನೂನಿನಲ್ಲಿ, ಆದಾಯದಿಂದ ಕೆಲವು ಖರ್ಚು ಕಳೆಯೋಕೆ ಬಿಡೋ 80ಸಿ ಅಡಿಯಲ್ಲಿ ಟ್ಯೂಷನ್ ಫೀ ತೋರಿಸಬೇಕಾದರೆ ಅದು ಸ್ವಂತ ಮಕ್ಕಳದ್ದೇ ಆಗಿರಬೇಕು, ಅದೂ ಇಬ್ಬರದ್ದು ಮಾತ್ರ. ಪಿಎಫ್, ಎಲ್‌ಐಸಿ ಎಲ್ಲ ಸೇರಿ 1.5 ಲಕ್ಷದೊಳಗೆ ಮುಗಿಯಬೇಕು. ಆ ಮಿತಿ 2014ರಿಂದ ಅಲ್ಲೇ ನಿಂತಿದೆ, ಕಾಲೇಜಿನ ಫೀಸು ಎಲ್ಲಿ ನಿಂತಿದೆ ಅಂತ ನಿಮಗೇ ಗೊತ್ತು. ಓದಿನ ಸಾಲದ ಬಡ್ಡಿಗೆ 80ಇ ಇದೆ, ಎಂಟು ವರ್ಷ, ಮೇಲ್ಮಿತಿಯೂ ಇಲ್ಲ, ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅದೂ ನಿಮ್ಮ ಓದಿಗೆ, ಗಂಡ ಅಥವಾ ಹೆಂಡತಿಯ ಓದಿಗೆ, ಮಕ್ಕಳ ಓದಿಗೆ, ಅಥವಾ ನೀವು ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿಯ ಓದಿಗೆ ಮಾತ್ರ. ಎಜುಕೇಶನ್ ಲೋನೇ ತಗೊಂಡಿದ್ದರೂ ತಮ್ಮಂದು ಬರಲ್ಲ. ಬಳೆ ಅಡ ಇಟ್ಟು ತಂದ ದುಡ್ಡಂತೂ ಕೇಳಲೇಬೇಡಿ, ಅದು ಓದಿನ ಸಾಲವೇ ಅಲ್ಲವಂತೆ. ನಮ್ಮ ಕಡೆ ಎಷ್ಟು ಮನೆಯಲ್ಲಿ ಮೊದಲ ವರ್ಷದ ಫೀಸು ಬಳೆಯಿಂದಲ್ಲದೆ ಇನ್ನೆಲ್ಲಿಂದ ಬಂದಿದೆ ಸ್ವಾಮಿ?

ಇನ್ನೊಂದು ತಮಾಷೆ ಕೇಳಿ. ಇದೇ ತೆರಿಗೆ ಕಾನೂನಿನಲ್ಲಿ 'ಹಿಂದೂ ಅವಿಭಕ್ತ ಕುಟುಂಬ' ಅಂತ ಒಂದಿದೆ, ಅದಕ್ಕೆ ಬೇರೆಯೇ ಪ್ಯಾನ್ ಕೊಡುತ್ತಾರೆ. ಅಂದರೆ ಮನೆತನದ ಆಸ್ತಿ ಇದ್ದರೆ ಅಕ್ಕ ತಮ್ಮ ಎಲ್ಲರೂ ಒಂದೇ ಕುಟುಂಬ. ಫೀಸ್ ರಸೀದಿ ತಂದರೆ ಅಕ್ಕ ಯಾರೋ, ತಮ್ಮ ಯಾರೋ.

ಅಮೆರಿಕದಲ್ಲಿರೋ ನಮ್ಮ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ಕೇಳಿದೆ, ಸುಮ್ನೆ ಹೊಟ್ಟೆ ಉರಿಸಿಕೊಳ್ಳೋಕೆ. ಅಲ್ಲಿ ಕಾಲೇಜು ಓದಿನ ಖರ್ಚಿಗೆ ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಅಂತ ಇದೆ. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ, ನಾಲ್ಕು ವರ್ಷ. ನಮ್ಮ ಹಾಗೆ ಆದಾಯದಲ್ಲಿ ಕಳೆಯೋದಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯೋದು. ತಮ್ಮ ಜೊತೆಯಲ್ಲೇ ಇದ್ದು, ನಿಯಮದ ಪ್ರಕಾರ ಅವನನ್ನು ಡಿಪೆಂಡೆಂಟ್ ಅಂತ ತೋರಿಸೋಕೆ ಬಂದರೆ ಅಕ್ಕನಿಗೂ ಸಿಗುತ್ತೆ. ಹದಿನೆಂಟಾದ ಮೇಲೆ ಮಕ್ಕಳನ್ನ ಮನೆಯಿಂದ ಆಚೆ ಹಾಕ್ತಾರೆ ಅಂತ ನಾವು ಆಡಿಕೊಳ್ಳೋ ದೇಶ ಅದು!

ಈಗ ಒಬ್ಬರು ಕಾಮೆಂಟಲ್ಲಿ ಬರುತ್ತೀರಿ, ಗೊತ್ತು. "ಅಣ್ಣ ತಮ್ಮ ಅಂತ ಬಿಟ್ಟರೆ ಎಲ್ಲರೂ ಯಾರ್ಯಾರದ್ದೋ ರಸೀದಿ ಹಾಕಿ ಮೋಸ ಮಾಡ್ತಾರೆ." ಹೌದು, ಮಾಡ್ತಾರೆ. ನಾನೇ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಮಗಳ ಫೀಸ್ ತೋರಿಸುವಾಗ ಡೆವಲಪ್‌ಮೆಂಟ್ ಫೀಸನ್ನೂ ಸೇರಿಸಿ ಹಾಕಿದ್ದೆ. ಅದು ಬರಲ್ಲ ಅಂತ ಗೊತ್ತಿದ್ದೂ ಹಾಕಿದ್ದೆ. ಯಾರೂ ಕೇಳಲಿಲ್ಲ. ಅಪ್ಪನ ಸುಳ್ಳು ಲೆಕ್ಕ ಪಾಸಾಯಿತು, ಅಕ್ಕನ ನಿಜ ಲೆಕ್ಕ ಕವರ್ ಒಳಗೆ ಹೋಯಿತು. (ಬೈಯೋರು ಬೈಯಿರಿ, ಇವತ್ತು ಬೈಸಿಕೊಳ್ಳೋ ಮೂಡಿನಲ್ಲೇ ಇದ್ದೇನೆ.)

ನನಗೆ ಯಾಕೆ ಇಷ್ಟು ಉರಿ ಅಂತ ಹಳೇ ಸ್ನೇಹಿತರಿಗೆ ಹೇಳಬೇಕಾಗಿಲ್ಲ. ನಮ್ಮಕ್ಕನ ಸರದ ಕಥೆ ಇಲ್ಲೇ ಹತ್ತು ಸಲ ಬರೆದಿದ್ದೇನೆ. ಬರೆಯದೇ ಇದ್ದದ್ದು ಒಂದಿದೆ. ನನ್ನ ಎರಡನೇ ವರ್ಷದ ಫೀಸಿಗೆ ಅಡ ಹೋದ ಆ ಸರವನ್ನು ನಾನು ಕೆಲಸಕ್ಕೆ ಸೇರಿದ ಮೇಲೂ ಬಿಡಿಸಿಕೊಡಲಿಲ್ಲ. ಬಿಡಿಸುತ್ತೇನೆ ಬಿಡಿಸುತ್ತೇನೆ ಅಂತಲೇ ಹರಾಜಾಯಿತು. ಅಕ್ಕ ಇವತ್ತಿಗೂ ಅದರ ಮಾತೆತ್ತಿಲ್ಲ.

ಆಡಿಟರ್ ಆ ಹುಡುಗಿಗೆ ಸಮಾಧಾನ ಹೇಳಿದರು. "ಹೊಸ ರಿಜೀಮಲ್ಲಿ ಹಾಕಿದ್ದೀನಮ್ಮ. 80ಸಿ ಪೂರ್ತಿ ಸಿಕ್ಕಿದ್ದರೂ ನಿಂಗೆ ಇದೇ ಕಮ್ಮಿ." ಹೊಸ ರಿಜೀಮ್ ಅಂದರೆ ತೆರಿಗೆ ದರ ಕಮ್ಮಿ, ಕಳೆಯೋಕೆ ಬಿಡೋದೂ ಕಮ್ಮಿ. ಲೆಕ್ಕ ಸರಿ. 2024-25ರ ದರದಲ್ಲಿ 9 ಲಕ್ಷ ಸಂಬಳ, ಸಂಬಳದವರಿಗೆಲ್ಲ ಸಿಗೋ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆ 32,500. ಆದರೆ ಅದೇ ಸಂಬಳ ತಗೊಂಡು, ಯಾರ ಫೀಸೂ ಕಟ್ಟದೆ ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಬೈಕ್ ಓಡಿಸೋ ಅವಳ ಆಫೀಸಿನ ಹುಡುಗನಿಗೂ ಅಷ್ಟೇ ತೆರಿಗೆ. ಹೊಸ ರಿಜೀಮಲ್ಲಿ 80ಸಿ, 80ಇ ಎರಡೂ ಇಲ್ಲ, ಹಾಗಾಗಿ ಅಪ್ಪನದ್ದೂ ಬರಲ್ಲ, ಅಕ್ಕನದ್ದೂ ಬರಲ್ಲ. ಆಹಾ, ಸಮಾನತೆ ಅಂದರೆ ಇದು!

ಹುಡುಗಿ ಪ್ರಿಂಟ್ ತಗೊಂಡು ಓದುತ್ತಿದ್ದಳು. ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಸಾರ್, ಇದೇನು 1,300?"

"ಸೆಸ್ಸಮ್ಮ. ಹೆಲ್ತ್ ಅಂಡ್ ಎಜುಕೇಶನ್ ಸೆಸ್, ನಾಲ್ಕು ಪರ್ಸೆಂಟು."

"ಎಜುಕೇಶನ್ನಾ? ಯಾರ್ದು ಸಾರ್?"

ಆಡಿಟರ್ ನಕ್ಕರು. ನಾನೂ ನಕ್ಕೆ, ನಾಚಿಕೆ ಇಲ್ಲದೆ. ಅಷ್ಟರಲ್ಲಿ ಅವಳ ಫೋನ್ ಬಂತು. ಕವರ್ ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿಯುತ್ತಾ ಮಾತಾಡುತ್ತಿದ್ದಳು. "ಎಕ್ಸಾಮ್ ಫೀಸಾ? ಲಾಸ್ಟ್ ಡೇಟ್ ಯಾವತ್ತೋ? ಸರಿ ಬಿಡು, ಸಂಜೆ ಹಾಕ್ತೀನಿ."