ಹುಬ್ಬಳ್ಳಿಯ ಮೊದಲ ಮನೆಗೆ ಪುಣೆಯ ಸೊಸೈಟಿ ಲೆಕ್ಕ

ಪುಣೆಯವರು ಮೊದಲ ಮನೆಯನ್ನು ಮಾರುವುದಕ್ಕೆಂದೇ ಕೊಳ್ಳುತ್ತಾರೆ. ಮದುವೆಯಾದಾಗ ಒಂದು ಬಿಎಚ್‌ಕೆ, ಮಗು ಶಾಲೆಗೆ ಹೋಗುವ ಹೊತ್ತಿಗೆ ಎರಡು, ಊರಿಂದ ಅಪ್ಪ ಅಮ್ಮ ಬಂದು ನಿಂತರೆ ಮೂರು. ಕೊಳ್ಳುವ ಪ್ರತಿ ಸಲವೂ ಸ್ಟಾಂಪ್ ಡ್ಯೂಟಿ, ಮೆಟ್ರೋ ಸೆಸ್ ಸೇರಿ ನೂರಕ್ಕೆ 7 ರೂಪಾಯಿ. 50 ಲಕ್ಷದ ಫ್ಲ್ಯಾಟಿಗೆ ಮೂರೂವರೆ ಲಕ್ಷ ಅಲ್ಲೇ ಹೋಯಿತು. ನೋಂದಣಿ, ದಲಾಲಿ ಬೇರೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮೊದಲ ಮನೆಯೇ ಕೊನೆಯ ಮನೆ. 30×40 ಸೈಟಿನಲ್ಲಿ ಕೆಳಗಷ್ಟು ಕಟ್ಟಿ, "ಮ್ಯಾಲಿಂದು ಮುಂದ ಹುಡುಗರು ನೋಡ್ಕೋತಾರ" ಎನ್ನುವುದು ವಾಡಿಕೆ. ಪದ್ಧತಿ ಒಳ್ಳೆಯದೇ. ಹುಡುಗರು ನೋಡಿಕೊಳ್ಳುವ ಕಾಲ ಬಂದಾಗ ಕೆಳಗಿನ ಮನೆ ಅದಕ್ಕೆ ತಯಾರಿರುವುದಿಲ್ಲ ಎಂಬುದೇ ತಕರಾರು.

ಮೊದಲು ಮಣ್ಣು. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲ, ಅಷ್ಟು ಚಿಂತೆಯಿಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗಿನ ದಾರಿ ಹಿಡಿದರೆ ಎರೆ, ಅಂದರೆ ಕಪ್ಪು ಮಣ್ಣು. ಅದು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡಿಸುತ್ತದೆ. ಎರೆ ಮೂರು ನಾಲ್ಕು ಅಡಿಗೇ ಮುಗಿದು ಗಟ್ಟಿ ಗರಸು (ಕಲ್ಲುಹರಳಿನ ಮಣ್ಣು) ಸಿಕ್ಕರೆ ಪಾಯವನ್ನು ಗರಸಿನ ಮೇಲೇ ಕೂಡಿಸಬೇಕು. ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ: ಕನಿಷ್ಠ ಮೂರೂವರೆ ಮೀಟರ್ ಆಳ, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ, ಮೇಲೆ ಎಲ್ಲವನ್ನೂ ಕಟ್ಟಿಹಿಡಿಯುವ ಪ್ಲಿಂತ್ ಬೀಮ್. ಅಗೆದು ತೆಗೆದ ಎರೆಯನ್ನೇ ಮನೆಯೊಳಗೆ ತುಂಬಿ ಮೇಲೆ ಟೈಲ್ಸ್ ಹಾಕಿಸುವವರಿದ್ದಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ನೆಲ ಎದ್ದು ನಿಲ್ಲುತ್ತದೆ. ತುಂಬಲು ಗರಸೇ ಬೇಕು, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿ.

ಇನ್ನು ತಾರಸಿಯ ಮೇಲೆ ಬಿಟ್ಟ ಸರಳುಗಳು. ಸರಳು ಬಿಟ್ಟ ಮಾತ್ರಕ್ಕೆ ಮೇಲೆ ಕಟ್ಟಬಹುದು ಎಂದಲ್ಲ. ತಳದ ಫೂಟಿಂಗ್, ಕಂಬ ಒಂದೇ ಅಂತಸ್ತಿಗೆ ಲೆಕ್ಕ ಹಾಕಿದ್ದಾದರೆ ಆ ಸರಳು ಬಟ್ಟೆ ಒಣಹಾಕುವ ಹಗ್ಗಕ್ಕಷ್ಟೇ ಉಪಯೋಗ (ಬಹಳ ಮನೆಗಳಲ್ಲಿ ಆಗುವುದೂ ಅದೇ). ಎಂಜಿನಿಯರ್ ನಕ್ಷೆಯಲ್ಲಿ ಎಷ್ಟು ಅಂತಸ್ತಿಗೆ ಎಂದು ಬರೆಸಿ, ಸಹಿ ಮಾಡಿಸಿ ಇಟ್ಟುಕೊಳ್ಳಬೇಕು. ಜೋಡಣೆಗೆ ಸರಳಿನ ದಪ್ಪದ 50 ಪಟ್ಟು ಉದ್ದ ಬಿಟ್ಟರೆ ನಿಶ್ಚಿಂತೆ. 16 ಎಂಎಂ ಸರಳಿಗೆ 800 ಎಂಎಂ. ಗೌಂಡಿ ಒಂದು ಅಡಿ ಬಿಟ್ಟು ಕೈತೊಳೆದುಕೊಂಡರೆ ಒಪ್ಪಬಾರದು. ಬಿಟ್ಟದ್ದನ್ನು ಮಳೆಗೆ ಬಿಡದೆ, ಮುಂದೆ ಒಡೆದು ತೆಗೆಯಲು ಬರುವಂತೆ ಕಡಿಮೆ ಸಿಮೆಂಟಿನ ಕಾಂಕ್ರೀಟಿನಲ್ಲಿ ಮುಚ್ಚಿಸಬೇಕು.

ಮೆಟ್ಟಿಲು ಹೊರಗಿದ್ದರೆ ಮೇಲಿನ ಮನೆ ಬಾಡಿಗೆಗೆ ಅನುಕೂಲ, ಒಳಗಿದ್ದರೆ ಮಗ-ಸೊಸೆ ಮೇಲಿರಲು ಅನುಕೂಲ. ಎರಡೂ ಬೇಕೆಂದರೆ ಮುಂಭಾಗದ ಮೂಲೆಯಲ್ಲಿ ಮೆಟ್ಟಿಲಿಗೆ ಸಣ್ಣ ಮೊಗಸಾಲೆ ಮಾಡಿ, ಪಡಸಾಲೆಗೊಂದು, ಬೀದಿಗೊಂದು ಬಾಗಿಲಿಡಬೇಕು. ನೆಲದಿಂದ ನೆಲಕ್ಕೆ ಹತ್ತೂವರೆ ಅಡಿ ಎತ್ತರಕ್ಕೆ 7 ಇಂಚಿನ 18 ಮೆಟ್ಟಿಲಾಗುತ್ತವೆ, 6 ಇಂಚಿನವು 21. ಹೆಚ್ಚಿಗೆ ಬೇಕಾಗುವುದು ಮೂರು ಮೆಟ್ಟಿಲು, 30 ಇಂಚು ಜಾಗ. ಮೊಣಕಾಲು ನೋವಿನವರಿಗೆ ಆ ಒಂದು ಇಂಚೇ ದೊಡ್ಡದು. ಕೆಳಗೊಂದು ಮಲಗುವ ಕೋಣೆ, ಅದಕ್ಕೆ ಹತ್ತಿದ ಬಚ್ಚಲು ಇರಲೇಬೇಕು. ಬಚ್ಚಲಿನ ಬಾಗಿಲು ವಾಡಿಕೆಯ ಎರಡೂವರೆ ಅಡಿ ಸಾಲದು, ಗಾಲಿಕುರ್ಚಿಗೆ ಮೂರಡಿ ಬೇಕು. ಮೇಲಿನ ಬಚ್ಚಲಿಗೆಂದು 110 ಎಂಎಂ ಪೈಪು ಇಳಿಯುವ ಡಕ್ಟನ್ನು ಈಗಲೇ ತಾರಸಿವರೆಗೆ ಒಯ್ಯಬೇಕು.

ನೀರು ದಿನವೂ ಬರದ ಓಣಿಯಲ್ಲಿ ಸಂಪ್ ದೊಡ್ಡದಿರಬೇಕು. ತಲೆಗೆ 135 ಲೀಟರ್ ಹಿಡಿದರೆ ಐದು ಜನಕ್ಕೆ ದಿನಕ್ಕೆ 675. ಒಳಅಳತೆ 8×6×6 ಅಡಿಯ ಸಂಪಿನಲ್ಲಿ ತುಂಬಿದರೆ ಸುಮಾರು 8,100 ಲೀಟರ್: ಒಂದು ಸಂಸಾರಕ್ಕೆ 12 ದಿನ, ಮೇಲೂ ಐದು ಜನ ಬಂದರೆ ಆರೇ ದಿನ. ಎರೆ ನೆಲದಲ್ಲಿ ಇಟ್ಟಿಗೆಯ ಸಂಪ್ ಬೇಡ, ಆರ್‌ಸಿಸಿ ಮಾಡಿಸಬೇಕು. ಪೋರ್ಚಿನ ಕಂಬಕ್ಕೆ ಅಂಟಿಸಿ ಕಟ್ಟಿದ ಸಂಪ್ ಸೋರಿದರೆ ಆ ಮೂಲೆಯ ಮಣ್ಣಷ್ಟೇ ಉಬ್ಬಿ ಮನೆ ಅಲ್ಲಿಂದಲೇ ಸೀಳುತ್ತದೆ.

ಪುಣೆಯಿಂದ ಕಲಿಯುವಂಥದ್ದು ಲೆಕ್ಕ ಇಡುವುದು. ಅಲ್ಲಿನ ಸೊಸೈಟಿಗಳ (ಫ್ಲ್ಯಾಟಿನವರ ಸಹಕಾರ ಸಂಘಗಳ) ಮಾದರಿ ಉಪವಿಧಿಯಲ್ಲಿ ಕಟ್ಟಡದ ಖರ್ಚಿನ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75 ದುರಸ್ತಿಗೆ, ಶೇ. 0.25 ಸಿಂಕಿಂಗ್ ಫಂಡಿಗೆ (ಮುಂದಿನ ದೊಡ್ಡ ಕೆಲಸಕ್ಕೆ ಕೂಡಿಡುವ ಹಣ). 30 ಲಕ್ಷದ ಮನೆಗೆ ಇದು ತಿಂಗಳಿಗೆ 2,500 ರೂಪಾಯಿ. ಸ್ವಂತ ಮನೆಗೆ ಕೇಳುವವರಿಲ್ಲ. ಹಾಗಾಗಿ ತಾರಸಿ ಸೋರಿದ ಮೇಲೆ ಸಾಲ ಹುಡುಕುವುದು. ಸೊಸೈಟಿ ಕಡತದಲ್ಲಿ ನಕ್ಷೆಯಾದರೂ ಸಿಗುತ್ತದೆ. ನಮ್ಮಲ್ಲಿ ವೈರು, ಪೈಪು ಎಲ್ಲಿ ಹಾದಿವೆ ಎಂಬುದು ಗೌಂಡಿಯ ನೆನಪಿನಲ್ಲಿ ಮಾತ್ರ. ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಗೆ ಟೇಪು ಹಿಡಿದು ಫೋಟೊ ತೆಗೆದಿಟ್ಟರೆ ಮುಂದೆ ಗೋಡೆ ಒಡೆಯುವುದು ತಪ್ಪುತ್ತದೆ.

ಕಾಗದದ ವಿಷಯ ಮನೆಯವರು ಮಾತಾಡುವುದೇ ಇಲ್ಲ. ಅಪ್ಪನ ಹೆಸರಿನ ಜಾಗದಲ್ಲಿ ಮಗ ತನ್ನ ದುಡ್ಡಿನಿಂದ ಮೇಲೆ ಕಟ್ಟಿದರೆ ಅಷ್ಟಕ್ಕೇ ಅದು ಅವನದಾಗುವುದಿಲ್ಲ. ಸ್ವಯಾರ್ಜಿತ ಆಸ್ತಿಯಾಗಿದ್ದು ಅಪ್ಪ ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರೂ, ಎಲ್ಲರಿಗೂ ಸಮಪಾಲು. ಕೆಳಗೂ ಮೇಲೂ. ಆದ್ದರಿಂದ ಮೇಲಿನ ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆಯುವ ಮೊದಲೇ, ಪಾಲಿಕೆಯ ಪರವಾನಗಿ ಜೊತೆಗೆ, ನೋಂದಾಯಿತ ದಾನಪತ್ರವೋ ಮೃತ್ಯುಪತ್ರವೋ ಆಗಬೇಕು. ದಾನಪತ್ರಕ್ಕೆ ಕುಟುಂಬದೊಳಗೆ ಮುದ್ರಾಂಕ ಶುಲ್ಕ ಮಾರಾಟಪತ್ರಕ್ಕಿಂತ ತೀರಾ ಕಡಿಮೆ. ಬರೆಸುವ ದಿನ ಮದುವೆಯಾಗಿ ಹೋದ ಅಕ್ಕ-ತಂಗಿಯರನ್ನೂ ಕೂಡಿಸಿಕೊಂಡೇ ಮಾತಾಡಬೇಕು. ಗೃಹಪ್ರವೇಶಕ್ಕೆ ಕರೆದಾಗ ಹೇಳುವ ಮಾತಲ್ಲ ಅದು.