ಪದ್ಮಿನಿ ನೋಡೋ ಭಾನುವಾರ

ಐದು ತಿಂಗಳಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮುಲುಂಡಿನಲ್ಲಿ ಸ್ಲೋ ಲೋಕಲ್ ಹತ್ತಿ ಮಾಟುಂಗಕ್ಕೆ ಹೋಗಿ ಬರುತ್ತಿದ್ದೇನೆ. ಮನೆಯಲ್ಲಿ ಹೇಳುವುದು ಕಾಫಿ ಪುಡಿ ತರೋಕೆ ಅಂತ. ಸುಳ್ಳಲ್ಲ, ತರುತ್ತೇನೆ ಕೂಡ. ಈಗ ನಮ್ಮ ಮನೆಯಲ್ಲಿರುವ ಕಾಫಿ ಪುಡಿಯಲ್ಲಿ ಒಂದು ಮದುವೆಯನ್ನೇ ಮುಗಿಸಬಹುದು.

ನಾನು ನಿಜವಾಗಿ ಹೋಗುವುದು ಒಂದು ಕಾರನ್ನು ನೋಡಲು. 1978ರ ಪ್ರೀಮಿಯರ್ ಪದ್ಮಿನಿ. ಬಣ್ಣ ಒಂದು ಕಾಲದಲ್ಲಿ ಬಿಳಿ. ಈಗ ಹಳೇ ಪಂಚೆಯ ಬಣ್ಣ, ಅದರ ಮೇಲೆ ಅಡಿಕೆ ರಸ ಉಗುಳಿದ ಹಾಗೆ ಅಲ್ಲಲ್ಲಿ ತುಕ್ಕು. ಮಾಟುಂಗದ ಒಂದು ಹಳೇ ಕಟ್ಟಡದ ಕಾಂಪೌಂಡಿನಲ್ಲಿ, ಮರದ ಕೆಳಗೆ, ಹದಿಮೂರು ವರ್ಷದಿಂದ ಮಿಸುಕದೆ ನಿಂತಿದೆ. ಎಡಗಡೆಯ ಮುಂದಿನ ಚಕ್ರಕ್ಕೆ ವೀಲ್ ಕಪ್ ಇಲ್ಲ. ಉಳಿದ ಮೂರೂ ಇವೆ. ಹಲ್ಲು ಬಿದ್ದ ಅಜ್ಜಿ ನಕ್ಕ ಹಾಗೆ ಕಾಣುತ್ತದೆ.

ಕಾರಿನ ಯಜಮಾನರು ನಮ್ಮ ಕುಂದಾಪುರ ಕಡೆಯವರು, ಅಮ್ಮನ ಕಡೆಯಿಂದ ದೂರದ ಸಂಬಂಧ. ನಾನು ಮಾಮ ಅಂತ ಕರೆಯುತ್ತೇನೆ. ನಲವತ್ತು ವರ್ಷ ಸಣ್ಣದೊಂದು ಹೋಟೆಲ್ ನಡೆಸಿದವರು. ಈಗ ಅವರ ಕಟ್ಟಡ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದು ಕಟ್ಟಲು, ಹೋಗಿದೆ. ದೀಪಾವಳಿ ಕಳೆದ ಮೇಲೆ ಎಲ್ಲರೂ ಖಾಲಿ ಮಾಡಬೇಕು. ಮನುಷ್ಯರಿಗೆ ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಕಾರಿಗೆ ಕೊಡುವುದಿಲ್ಲ. ಗುಜರಿಯವನು ಬಂದು ಕಣ್ಣಲ್ಲೇ ತೂಗಿ, ಒಂಬೈನೂರು ಕಿಲೋ ಹತ್ತಿರ ಬರುತ್ತದೆ, 22,000 ಕೊಡುತ್ತೇನೆ ಎಂದನಂತೆ. ಮಾಮನಿಗೆ ಸಿಟ್ಟು ಬಂತು. ನನಗೆ ಫೋನ್ ಮಾಡಿ, "ನೀನು 40,000 ಕೊಡು ಮಾರಾಯ, ಕಿಲೋ ಲೆಕ್ಕದಲ್ಲಿ ಕೊಡೋಕೆ ಅದೇನು ಬಂಗುಡೆಯಾ?" ಅಂದರು.

ಹೀಗೆ ಶುರುವಾಯಿತು.

ಈ ಗಾಡಿ ಹುಟ್ಟಿದ್ದು ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಾರ್ಖಾನೆ ಅಲ್ಲಿತ್ತು. ಇಟಲಿಯ ಫಿಯಟ್ 1100 ಅಲ್ಲಿ 1964ರಿಂದ ಡಿಲೈಟ್ ಎಂಬ ಹೆಸರಲ್ಲಿ ತಯಾರಾಯಿತು. 1974ರಲ್ಲಿ ಪದ್ಮಿನಿ ಎಂದು ನಾಮಕರಣವಾಯಿತು. ಹೆಸರು ಏನೇ ಇಟ್ಟರೂ ಜನ ಕರೆದದ್ದು ಫಿಯಟ್ ಅಂತಲೇ. ಅದಕ್ಕೂ ಮುಂಚಿನ ಐವತ್ತರ ದಶಕದ ಗುಂಡು ಮಾದರಿಯನ್ನು ಇಲ್ಲಿನ ಮರಾಠಿಗರು ಡುಕ್ಕರ್ ಫಿಯಟ್ ಅನ್ನುತ್ತಿದ್ದರು. ಡುಕ್ಕರ್ ಅಂದರೆ ಹಂದಿ. ಹಂದಿಯಿಂದ ಪದ್ಮಿನಿಗೆ ಬಡ್ತಿ ಸಿಕ್ಕ ವಂಶ ಇದೊಂದೇ ಇರಬೇಕು. ಈಗ ಗುಜರಿಯವನು ಎಳೆದುಕೊಂಡು ಹೋಗಬೇಕೆಂದಿರುವುದೂ ಕುರ್ಲಾದ ಸಿಎಸ್‌ಟಿ ರೋಡಿಗೇ. ಹಳೇ ಗಾಡಿಗಳನ್ನು ಬಿಚ್ಚಿ, ಬಾಗಿಲು ಬೇರೆ, ಬಾನೆಟ್ ಬೇರೆ ಮಾಡಿ ಸಾಲಾಗಿ ಒರಗಿಸಿಡುವ ಬೀದಿ ಅದು. ಪ್ರತಿ ಭಾನುವಾರ ನನ್ನ ಲೋಕಲ್ ಕುರ್ಲಾ ದಾಟುವಾಗ ಇದು ನೆನಪಾಗುತ್ತದೆ. ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದ ದಿನ ಅಲ್ಲೇ ಇಪ್ಪತ್ತು ನಿಮಿಷ ನಿಂತು ಇನ್ನೂ ಜಾಸ್ತಿ ನೆನಪಾಗುತ್ತದೆ.

ನನಗೆ ಫಿಯಟ್ ಪರಿಚಯವಾದದ್ದು 1986ರಲ್ಲಿ, ಊರಿನಿಂದ ಬಸ್ಸಿನಲ್ಲಿ ಬಂದು ಸಾಯನ್‌ನಲ್ಲಿ ಇಳಿದ ದಿನ. ಕಪ್ಪು ಹಳದಿ ಟ್ಯಾಕ್ಸಿ. ಟ್ರಂಕು ಮೇಲಿನ ಕ್ಯಾರಿಯರ್ ಮೇಲೆ ಹೋಯಿತು. ಬಾನೆಟ್ ಪಕ್ಕ ಹೊರಗೆ ಕೂತಿದ್ದ ಮೀಟರನ್ನು ಡ್ರೈವರ್ ಟಣ್ ಎಂದು ತಿರುಗಿಸಿದ. ಅದು ದೇವಸ್ಥಾನದ ಗಂಟೆ ಹೊಡೆದ ಹಾಗೆ ಕೇಳಿಸಿತು. ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರನ್ನು ಅವನು ಮೇಲೆ ಕೆಳಗೆ ಆಡಿಸುವುದನ್ನು ನೋಡುತ್ತಾ ನಾನು ಮುಂಬಯಿಯನ್ನೇ ನೋಡಲಿಲ್ಲ. ಆ ಟ್ಯಾಕ್ಸಿಗಳಲ್ಲಿ ಕೊನೆಯದು ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಗಡುವು ಮುಗಿದು 2023ರ ಅಕ್ಟೋಬರ್ 30ರಿಂದ ಅದೂ ರಸ್ತೆಯಿಂದ ಹೋಯಿತು. ಆವತ್ತು ಪೇಪರ್ ಓದಿ ನಾನೇನೂ ಅಳಲಿಲ್ಲ. ಕೊನೆಕೊನೆಗೆ ಆ ಸೀಟುಗಳ ಸ್ಪ್ರಿಂಗ್ ಎಲ್ಲಿ ಚುಚ್ಚುತ್ತಿತ್ತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಆದರೆ ಮಾಮನ ಫೋನ್ ಬಂದಾಗ ಕೈ ಸ್ವಲ್ಪ ನಡುಗಿದ್ದು ನಿಜ.

ಮೊದಲ ಭಾನುವಾರ ನಾನು ಜಾಣನ ಹಾಗೆ ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಂಡು ಹೋದೆ. ಮಗಳು ಗೋವಾದಿಂದ ತಂದದ್ದು, ಮೀನಿನ ಆಕಾರ. ಹಳೇ ಗಾಡಿಯ ಮೈ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಡಾಕ್ಟರ್ ಇಲ್ಲ. ತಗಡು ಇದ್ದಲ್ಲಿ ಹಿಡಿಯುತ್ತದೆ. ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಲ್ಲಿ ಜಾರುತ್ತದೆ. ಬಾನೆಟ್ ಮೇಲೆ ಮೀನು ಗಟ್ಟಿಯಾಗಿ ಕೂತಿತು. ಚಾವಣಿಯ ಮೇಲೂ ಕೂತಿತು. ನನಗೆ ಖುಷಿ. ಬಾಗಿಲ ಕೆಳಭಾಗಕ್ಕೆ ಇಟ್ಟೆ, ಜಾರಿತು. ಹಿಂದಿನ ಚಕ್ರದ ಮೇಲಿನ ಕಮಾನಿಗೆ ಇಟ್ಟೆ, ಜಾರಿತು. ಬಾಗಿಲಡಿಯ ಹೊಸ್ತಿಲಿಗೆ ಇಟ್ಟೆ. ಜಾರಿ ಕೆಳಗೆ ಬಿದ್ದು ಮೀನಿನ ಬಾಲ ಮುರಿಯಿತು.

ಆ ಹೊಸ್ತಿಲೇ ತೊಂದರೆ. ಈ ಗಾಡಿಗೆ ಲಾರಿಗೆ ಇರುವಂತೆ ಬೇರೆ ಚಾಸಿ ಇಲ್ಲ. ಮೈಯೇ ಮೂಳೆ. ಹೊಸ್ತಿಲು, ಕಾಲಿಡುವ ನೆಲ, ಇವೇ ಇಡೀ ಭಾರ ಹೊರುವುದು. ಅಲ್ಲಿ ತುಕ್ಕು ಹಿಡಿದರೆ ಅದು ಚರ್ಮರೋಗ ಅಲ್ಲ. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲು ಸಣ್ಣ ಸಣ್ಣ ತೂತು ಇರುತ್ತವೆ. ಮರದ ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ಮುಗಿಯಿತು, ಮಳೆ ನೀರು ಒಳಗೇ ನಿಂತು ಒಳಗಿನಿಂದಲೇ ತಿನ್ನುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಅದಕ್ಕೇ ಬಣ್ಣ ಮೊದಲು ಹಪ್ಪಳದ ಹಾಗೆ ಉಬ್ಬುವುದು. ಮುಂಬಯಿಯ ಉಪ್ಪು ಗಾಳಿಯಂತೂ ಬೆಂಕಿಗೆ ಸೀಮೆಎಣ್ಣೆ. ಮರದ ನೆರಳಲ್ಲಿ ಇಟ್ಟಿದ್ದೇನೆ, ಬಿಸಿಲು ಬೀಳುವುದಿಲ್ಲ ಎಂದು ಮಾಮ ಹದಿಮೂರು ವರ್ಷ ನೆಮ್ಮದಿಯಾಗಿದ್ದರು. ಬಿಸಿಲಿಗೆ ಇಟ್ಟಿದ್ದರೇ ಒಣಗಿಕೊಂಡಾದರೂ ಇರುತ್ತಿತ್ತು.

ಮುಂಬಯಿಯಲ್ಲಿ ಹಳೇ ಗಾಡಿ ಕೊಳ್ಳುವವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಮಾಮನಿಗೆ ಕೇಳಿದೆ: "2005ರ ಜುಲೈ 26ಕ್ಕೆ ಗಾಡಿ ಎಲ್ಲಿತ್ತು ಮಾಮ?"

ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು. ಮಾಟುಂಗದ ಕಿಂಗ್ಸ್ ಸರ್ಕಲ್ ಕಡೆ ಸಾಧಾರಣ ಮಳೆಗೂ ನೀರು ನಿಲ್ಲುತ್ತದೆ.

"ಇಲ್ಲೇ ಇತ್ತು. ಸೀಟಿನ ತನಕ ನೀರು. ಮೂರು ದಿನ ಬಿಟ್ಟು ಸ್ಟಾರ್ಟ್ ಮಾಡಿದೆ, ಒಂದೇ ಸಲಕ್ಕೆ ಆಯ್ತು!" ಅಂದರು ಹೆಮ್ಮೆಯಿಂದ.

ಇಷ್ಟು ಕೇಳಿದ ಮೇಲೆ ಬುದ್ಧಿ ಇದ್ದವನು ಟೀ ಕುಡಿದು ಎದ್ದು ಬರುತ್ತಾನೆ. ನಾನು ಎರಡನೇ ಟೀ ಕುಡಿದೆ.

ಮುಂದಿನ ವಾರ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಹೋದೆ. ಫಿಯಟ್ ಟ್ಯಾಕ್ಸಿಗಳ ಹೊಟ್ಟೆಯಡಿಯಲ್ಲೇ ವಯಸ್ಸಾದ ಮನುಷ್ಯ. ಬಾನೆಟ್ ಎತ್ತಿ, ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದ. ಒಂದು ವಾರ ಬಿಡಿ ಅಂದ. ಮಗುವಿಗೆ ಹರಳೆಣ್ಣೆ ಕುಡಿಸಿ ಕಾಯುವ ಹಾಗೆ ನಾವು ಕಾದೆವು. ಎಂಟು ದಿನದ ಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ನಾನು, ಮಿಸ್ತ್ರಿ, ವಾಚ್‌ಮನ್, ಎರಡನೇ ಮಹಡಿಯ ಕಾಲೇಜು ಹುಡುಗ, ಎಲ್ಲರೂ ಸೇರಿ ಹಿಂದೆ ಮುಂದೆ ತೂಗಿದೆವು. ಟಕ್ ಎಂದಿತು. ಇಂಜಿನ್ ತಿರುಗಿತು. 1089 ಸಿಸಿಯ ಆ ಪುಟ್ಟ ಇಂಜಿನ್‌ಗೆ ಜೀವ ಇತ್ತು. ಮಾಮ ಕುರ್ಚಿಯಿಂದ ಎದ್ದು ನಿಂತರು.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದ, "ಇಂಜಿನ್ ಮೇ ದಮ್ ಹೈ ಸಾಬ್. ಪತ್ರಾ ಗಯಾ."

ಇಂಜಿನ್‌ಗೆ ದಮ್ಮಿದೆ, ತಗಡು ಹೋಯಿತು. ಅಂದರೆ ಎಲ್ಲ ತಲೆಕೆಳಗು. ಹಳೇ ಗಾಡಿಯ ಹುಚ್ಚಿರುವವರೆಲ್ಲ ಹೇಳುವ ಒಂದೇ ಮಾತು, ಇಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ಮೈ ಗಟ್ಟಿ ಇರುವುದನ್ನು ತಗೋ. ಇಂಜಿನ್ ಬಿಚ್ಚಿ ಕಟ್ಟಬಹುದು, ಬೇರೆಯದೇ ತಂದು ಕೂರಿಸಬಹುದು. ತಗಡನ್ನು ಮಾತ್ರ ಕತ್ತರಿಸಿ ಬೆಸೆದು, ಕತ್ತರಿಸಿ ಬೆಸೆದು, ಕೈಯಲ್ಲಿ ತಟ್ಟಿ ಆಕಾರ ತರಬೇಕು. ತುಕ್ಕು ಎಲ್ಲಿ ಮುಗಿಯಿತು ಅನ್ನುವುದು ಕತ್ತರಿಸಿದ ಮೇಲೇ ತಿಳಿಯುವುದು. ಮಿಸ್ತ್ರಿಯ ಲೆಕ್ಕದಲ್ಲಿ ಟಿಂಕರಿಂಗ್ ಮತ್ತು ಪೇಂಟ್‌ಗೆ ಎರಡು ಲಕ್ಷ, ಬ್ರೇಕ್, ವೈರಿಂಗ್, ಟೈರು, ಸೀಟಿಗೆ ಇನ್ನೊಂದು. "ಔರ್ ಊಪರ್ ಸೇ ಥೋಡಾ," ಅಂದ. ಆ ಥೋಡಾ ಎಷ್ಟು ಎಂದು ನಾನು ಕೇಳಲಿಲ್ಲ. ಕೆಲವು ಸಂಗತಿ ತಿಳಿಯದಿದ್ದರೇ ನಿದ್ದೆ ಬರುತ್ತದೆ.

ಆಮೇಲೆ ಕಾಗದ ಪತ್ರ. ಆರ್‌ಸಿ ಅವಧಿ ಮುಗಿದು ವರ್ಷಗಳಾಗಿವೆ. ಖಾಸಗಿ ಕಾರಿಗೆ ಮೊದಲು ಹದಿನೈದು ವರ್ಷ, ಆಮೇಲೆ ಪರೀಕ್ಷೆ ಪಾಸಾದರೆ ಐದೈದು ವರ್ಷ. ಹಸಿರು ತೆರಿಗೆ ಬೇರೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಡಬೇಕು. ಚಿಕ್ಕವರಿದ್ದಾಗ ನಾಲ್ಕಾಣೆಯ ಮೇಲೆ ಉಜ್ಜುತ್ತಿದ್ದೆವಲ್ಲ, ಹಾಗೇ. ನಾನು ಉಜ್ಜಿ ನೋಡಿದೆ. ಒಂದು ಅಂಕೆ ಮೂರೋ ಎಂಟೋ ಗೊತ್ತಾಗಲಿಲ್ಲ, ಅಲ್ಲಿ ತುಕ್ಕು ತನ್ನದೇ ಅಂಕೆ ಬರೆದಿತ್ತು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಶುಲ್ಕ 20,000, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ದಿನಾ ಓಡಿಸುವಂತಿಲ್ಲ. ನಮ್ಮ ಪದ್ಮಿನಿಗೆ ಐವತ್ತು ತುಂಬುವುದು 2028ರಲ್ಲಿ. ಅಲ್ಲಿಯವರೆಗೆ ಅವಳು ಬರೀ ಹಳೇ ಗಾಡಿ, ಆಮೇಲೆ ಪರಂಪರೆ. ಮನುಷ್ಯರಲ್ಲೂ ಈ ನಡುವಿನ ವಯಸ್ಸೇ ಕಷ್ಟದ್ದು. ನನಗೆ ಐವತ್ತೆಂಟು.

ಓಡಿಸಿದರೂ ಯಾವುದರಲ್ಲಿ ಓಡಿಸುವುದು? ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳಿಗೆ ಆಗಿಬರುವುದಿಲ್ಲ. ಎಲ್ಲ ಬದಲಿಸಬೇಕು. ಮೊದಲೇ ಈ ಗಾಡಿಗೆ ಘಾಟಿ ಹತ್ತುವಾಗ ಬಿಸಿಯಾಗುವ ಚಾಳಿ. ಮಾಮ ಎಂಬತ್ತರ ದಶಕದಲ್ಲಿ ಇದರಲ್ಲೇ ಊರಿಗೆ ಹೋಗುತ್ತಿದ್ದರಂತೆ. ಘಾಟಿ ನಡುವೆ, ಇಂಜಿನ್‌ಗೆ ಪೆಟ್ರೋಲ್ ಎಳೆದುಕೊಡುವ ಎಸಿ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುವುದು, ಮಾಮಿ ಒದ್ದೆ ಬಟ್ಟೆ ಕೊಡುವುದು, ಪಂಪಿಗೆ ಸುತ್ತುವುದು, ಅದು ತಣ್ಣಗಾಗುವವರೆಗೆ ರಸ್ತೆ ಬದಿ ಕೂತು ಬುತ್ತಿ ಬಿಚ್ಚುವುದು. "ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿತ್ತು, ಅದಕ್ಕೆ ಸರಿಯಾಗಿ ಚಿತ್ರಾನ್ನ ಕಟ್ಟಿಸ್ತಿದ್ದೆ," ಅನ್ನುತ್ತಾರೆ ಮಾಮ. ಮಾಮಿ ಹೋಗಿ ಹದಿಮೂರು ವರ್ಷವಾಯಿತು. ಗಾಡಿ ನಿಂತದ್ದೂ ಆ ವರ್ಷವೇ. ಇದನ್ನು ಅವರು ಯಾವತ್ತೂ ಜೋಡಿಸಿ ಹೇಳಿಲ್ಲ. ಲೆಕ್ಕ ನಾನು ಹಾಕಿದ್ದು, ಮುಲುಂಡಿಗೆ ವಾಪಸ್ ಬರುವಾಗ.

ಇಷ್ಟೆಲ್ಲ ಆದರೂ ನಿಜವಾದ ಅಡ್ಡಿ ತುಕ್ಕಲ್ಲ, ದುಡ್ಡೂ ಅಲ್ಲ. ಪಾರ್ಕಿಂಗ್. ನಮ್ಮ ಸೊಸೈಟಿಯಲ್ಲಿ ಒಂದು ಫ್ಲಾಟಿಗೆ ಒಂದೇ ಜಾಗ. ಅಲ್ಲಿ ನಮ್ಮ ವ್ಯಾಗನ್ ಆರ್ ನಿಂತಿದೆ, ಒಬ್ಬ ಸಭ್ಯ ಗುಮಾಸ್ತನ ಹಾಗೆ. ಮುಂಬಯಿಯಲ್ಲಿ 40,000ದ ಕಾರು ಸಿಗುತ್ತದೆ, ಅದನ್ನು ನಿಲ್ಲಿಸುವ ಜಾಗ ಲಕ್ಷಗಳಲ್ಲಿ. ಸೆಕ್ರೆಟರಿಯ ಹತ್ತಿರ ಸುಮ್ನೆ ಕೇಳುವ ಹಾಗೆ ಕೇಳಿದೆ, ಯಾರಾದರೂ ವಿಂಟೇಜ್ ಗಾಡಿ ತಂದರೆ ಗೇಟಿನ ಹತ್ತಿರ ಶೋಭೆಗೆ ಇಡಬಹುದಾ ಅಂತ. ಅವರು ನನ್ನನ್ನು ಬಹಳ ಹೊತ್ತು ನೋಡಿ, ತುಳಸಿ ಕುಂಡ ಇಡಬಹುದು ಅಂದರು.

ಹೆಂಡತಿಗೆ ಹೇಳಿಲ್ಲ. ಹೇಳುವುದು ಹೇಗೆ? ನಮ್ಮ ಅಟ್ಟದ ಮೇಲೆ ಒಂದು ಹಾರ್ಮೋನಿಯಂ ಇದೆ, ಎರಡು ಸ್ವರ ಸರಿಮಾಡಿದರೆ ಸಾಕು ಎಂದು 2009ರಲ್ಲಿ ತಂದದ್ದು. ಒಂದು ಟೈಪ್‌ರೈಟರ್ ಇದೆ, ಅದಕ್ಕೆ ರಿಬ್ಬನ್ ಒಂದೇ ಬಾಕಿ. ಒಂದು ಗೋಡೆ ಗಡಿಯಾರ ಇದೆ, ಅದರ ಬಗ್ಗೆ ಮಾತು ಬೇಡ. ಅವಳು ಜಗಳ ಆಡುವುದಿಲ್ಲ. ಪಾತ್ರೆ ತೆಗೆಯಲು ಏಣಿ ಹತ್ತಿದಾಗಲೆಲ್ಲ, "ರೀ, ನಿಮ್ಮ ಹಾರ್ಮೋನಿಯಂ ಸ್ವಲ್ಪ ಸರಿಸ್ತೀನಿ ಆಯ್ತಾ?" ಎಂದು ಅನುಮತಿ ಕೇಳುತ್ತಾಳೆ, ಅಷ್ಟೇ.

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುತ್ತಾರೆ. ನನ್ನ ಸ್ಥಿತಿ ಅದೇ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಐದು ತಿಂಗಳಷ್ಟು ಖುಷಿಯಾಗಿ ನಾನು ಬಹಳ ವರ್ಷದಿಂದ ಇರಲಿಲ್ಲ. ಬೇಕು ಅಂದ ದಿನ ಕಾರು ನನ್ನದಾಗುತ್ತದೆ, ಜೊತೆಗೆ ಅದರ ತುಕ್ಕೂ ನನ್ನದಾಗುತ್ತದೆ. ಬೇಡ ಅಂದ ದಿನ ಕುರ್ಲಾ. ಈ ಎರಡರ ನಡುವೆ ಪದ್ಮಿನಿ ಪೂರ್ತಿ ರಿಪೇರಿಯಾಗಿ, ಬಿಳೀ ಬಣ್ಣ ಹೊಡೆಸಿಕೊಂಡು, ಮೂರು ಜನರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಖಂಡಾಲಾ ಘಾಟಿ ಹತ್ತುತ್ತಿರುತ್ತಾಳೆ. ನನ್ನ ತಲೆಯೊಳಗೆ ಒಂದು ಸಲವೂ ಬಿಸಿಯಾಗಿ ನಿಂತಿಲ್ಲ.

"ಎಂತ ಮಾರಾಯ, ಇನ್ನೂ ಯೋಚನೆಯಾ?" ಎಂದು ಪ್ರತಿ ವಾರ ಕೇಳುತ್ತಾರೆ ಮಾಮ. ಕೇಳುವಾಗ ಅವರಿಗೂ ಅವಸರ ಇದ್ದ ಹಾಗೆ ಕಾಣುವುದಿಲ್ಲ. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಬಂದವರ ಹಾಗೆ ಇಬ್ಬರೂ ಗಾಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಟಾರ್ಪಾಲಿನ್ ನಾನೇ ತಂದುಕೊಟ್ಟೆ. ಬಾಗಿಲ ತಳದ ತೂತುಗಳನ್ನು ಸೂಜಿ ಹಾಕಿ ಬಿಡಿಸಿದ್ದೂ ನಾನೇ. ಕೊಳ್ಳದ ಕಾರಿಗೆ ಇದುವರೆಗೆ 3,400 ರೂಪಾಯಿ ಖರ್ಚಾಗಿದೆ.

ಕಳೆದ ಭಾನುವಾರ ವಾಪಸ್ ಬರುವಾಗ ಲೋಕಲ್ ಮತ್ತೆ ಕುರ್ಲಾದಲ್ಲಿ ನಿಂತಿತು. ಸುಮ್ನೆ ಇಳಿದೆ. ಸಿಎಸ್‌ಟಿ ರೋಡಿನಲ್ಲಿ ಒಂದು ಅಂಗಡಿಯ ಮೂಲೆಯಲ್ಲಿ, ಬಂಪರುಗಳ ರಾಶಿಯ ಕೆಳಗೆ, ಅದು ಹೊಳೆಯಿತು. ಪದ್ಮಿನಿಯ ವೀಲ್ ಕಪ್. ಅವನು 500 ಹೇಳಿದ, 350ಕ್ಕೆ ಕೊಟ್ಟ. ಪೇಪರಿನಲ್ಲಿ ಸುತ್ತಿ, ಕಾಫಿ ಪುಡಿಯ ಚೀಲದ ತಳಕ್ಕೆ ಹಾಕಿ, ಮನೆಗೆ ತಂದು ಹಾರ್ಮೋನಿಯಂ ಹಿಂದೆ ಇಟ್ಟೆ.

ಇವತ್ತು ಸಂಜೆ ಹೆಂಡತಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಡೈನಿಂಗ್ ಟೇಬಲ್ ಮೇಲೆ ತಂದಿಟ್ಟಳು. ನಾನು ಪೇಪರಿನ ಹಿಂದೆ ಅಡಗಿದೆ. ಅವಳು ಸೆರಗಿನಲ್ಲಿ ಅದರ ಅಂಚು ಒರೆಸುತ್ತಾ ಕೇಳಿದಳು:

"ಇದು ಎಡಗಡೆ ಮುಂದಿನ ಚಕ್ರದ್ದಲ್ವಾ?"