ಸುಮ್ನೆ ನಿಂತ ಡ್ರೈವರ್

ಮಾಡೆಲ್ ರೈಲಿನ ಹುಚ್ಚಿರುವವರು ಇಂಜಿನ್ನಿಗೆ ಕೊಡುವ ಮರ್ಯಾದೆಯಲ್ಲಿ ಕಾಲು ಭಾಗವನ್ನೂ ಅದನ್ನು ಓಡಿಸುವವನಿಗೆ ಕೊಡುವುದಿಲ್ಲ. ಚಕ್ರದ ಕಡ್ಡಿ ಎಣಿಸುತ್ತಾರೆ, ಬಾಯ್ಲರ್ ಮೇಲಿನ ರಿವೆಟ್ ಎಣಿಸುತ್ತಾರೆ, ಹಸಿರು ಬಣ್ಣ ಒಂದು ಗುಲಗಂಜಿ ಜಾಸ್ತಿಯಾಯಿತೆಂದು ಜಗಳವಾಡುತ್ತಾರೆ. ಇಷ್ಟೆಲ್ಲ ಆಗಿ ರೈಲು ಹೊರಟರೆ ಡ್ರೈವರ್ ನಿಲ್ಲುವ ಕ್ಯಾಬ್ ಖಾಲಿ. ದೊಡ್ಡವರು ಯಾರೂ ಏನೂ ಕೇಳುವುದಿಲ್ಲ. ಮಕ್ಕಳು ಬಿಡುತ್ತಾರಾ? ಪಕ್ಕದ ಮನೆ ಹುಡುಗಿ, ನಮ್ಮ ಊಟದ ಮೇಜಿನ ಮೇಲೆ ಓಡುತ್ತಿದ್ದ ಇಂಜಿನ್ನನ್ನು ಬಗ್ಗಿ ನೋಡಿ, "ಅಂಕಲ್, ಡ್ರೈವರ್ ಎಲ್ಲಿ?" ಎಂದಳು. ಬ್ಯಾಟರಿ, ರಿಮೋಟ್ ಎಂದೆಲ್ಲ ಹೇಳಿ ನೋಡಿದೆ. ಅವಳು ಕೇಳಿದ್ದು ಅದಲ್ಲ.

ಹೀಗೆ ಶುರುವಾದದ್ದು ಬೊಂಬೆಗೆ ಬಣ್ಣ ಹಚ್ಚುವ ಕೆಲಸ. ಬ್ರಿಟಿಷ್ ಮಾಡೆಲ್‌ಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಓಓ ಎಂಬ ಅಳತೆ. ನಿಜದ ರೈಲಿನ 76ನೇ ಒಂದು ಭಾಗ. ಐದೂಮುಕ್ಕಾಲು ಅಡಿಯ ಆಳು ಅದರಲ್ಲಿ 23 ಮಿಲಿಮೀಟರ್ ಇರುತ್ತಾನೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಸಿರಿಗಾಗಿ ಜಗಳವಾಡುವ ಇದೇ ಜನ ಈ ಅಳತೆಯಲ್ಲಿ ಹಳಿಯ ಅಗಲವೇ ತಪ್ಪು ಎಂಬುದನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ. ಲೆಕ್ಕದ ಪ್ರಕಾರ ಬ್ರಿಟನ್ನಿನ ಹಳಿಯೇ 18.8 ಮಿಲಿಮೀಟರ್ ಬರಬೇಕು, ಇರುವುದು 16.5. ನಮ್ಮ ಬ್ರಾಡ್ ಗೇಜ್ ಆದರೆ 22 ಆಗಬೇಕಿತ್ತು. ಎಲ್ಲರೂ ಹೊಂದಿಕೊಂಡು ಹೋಗುತ್ತಿದ್ದಾರೆ, ಪಾಪ.

ಬೊಂಬೆ ಬರುವುದು ಬೋಳು ಲೋಹದಲ್ಲೋ ರೆಸಿನ್‌ನಲ್ಲೋ. ಅಚ್ಚಿನ ಎರಡು ಭಾಗ ಸೇರಿದ ಕಡೆ ಮೈಯುದ್ದಕ್ಕೂ ಒಂದು ಗೆರೆ ಇರುತ್ತದೆ. ಅದನ್ನು ಬ್ಲೇಡಿನಲ್ಲಿ ಹೆರೆಯಬೇಕು. ಅಚ್ಚಿನಿಂದ ಬಂದ ಜಿಡ್ಡು ಹೋಗಲು ಸೋಪು ನೀರಲ್ಲಿ ತೊಳೆಯಬೇಕು. ಆಮೇಲೆ ಔಷಧಿ ಬಾಟಲಿಯ ಮುಚ್ಚಳಕ್ಕೆ ಅಂಟಿಸಿ ಪ್ರೈಮರ್ ಹೊಡೆಯಬೇಕು. ಜುಲೈ ತಿಂಗಳ ಬೆಂಗಳೂರಿನಲ್ಲಿ ಪ್ರೈಮರ್ ಹೊಡೆಯುವುದೆಂದರೆ ಮೋಡದ ಜೊತೆ ಚೌಕಾಸಿ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಬಣ್ಣ ಮಂಜಾಗಿ ಕೂರುತ್ತದೆ. ಮಳೆ ಹೊಳವಾಗುವುದನ್ನು ಕಾದು ಟೆರೇಸಿಗೆ ಓಡಿದರೆ ಅಷ್ಟರಲ್ಲಿ ನನ್ನ ಹೆಂಡತಿ ಅಲ್ಲಿ ಬಟ್ಟೆ ಹರವಿರುತ್ತಾಳೆ. "ರೀ, ಬಿಳಿ ಪಂಚೆ ಮೇಲೆ ಏನಾದ್ರೂ ಬಿತ್ತೋ..." ಎಂಬ ಅರ್ಧ ವಾಕ್ಯ ಸಾಕು, ನಾನು ಡಬ್ಬಿ ಎತ್ತಿಕೊಂಡು ಕೆಳಗಿಳಿಯುತ್ತೇನೆ.

ಕುಂಚದ ವಿಷಯದಲ್ಲಿ ಹೊಸಬರು ಅತಿ ಸಣ್ಣದನ್ನೇ ಹುಡುಕಿಕೊಂಡು ಹೋಗುತ್ತಾರೆ. ಮೂರು ಸೊನ್ನೆಯ ಕುಂಚದಲ್ಲಿ ಬಣ್ಣ ನಿಲ್ಲುವುದೇ ಒಂದು ಹನಿ. ಮೂಗಿನ ಹತ್ತಿರ ಒಯ್ಯುವಷ್ಟರಲ್ಲಿ ಒಣಗಿರುತ್ತದೆ. ಸ್ವಲ್ಪ ದಪ್ಪ ಹೊಟ್ಟೆಯ, ತುದಿ ಮಾತ್ರ ಚೂಪಾದ ಒಂದನೇ ನಂಬರೇ ವಾಸಿ.

ನಿಜವಾದ ತಕರಾರು ಇರುವುದು ಬಣ್ಣದಲ್ಲಿ. 'ಮೈಬಣ್ಣ' ಎಂದು ಬರೆದು ಮಾರುವ ಶೀಶೆಯಲ್ಲಿ ಇರುವುದು ಗುಲಾಬಿ. ಅದು ಯಾರ ಮೈ? ನಮ್ಮ ಮನೆಯಲ್ಲಂತೂ ಯಾರದ್ದೂ ಅಲ್ಲ. ಬೊಂಬೆಗಳೂ ಅಷ್ಟೆ, ಬಹುಪಾಲು ಇಂಗ್ಲೆಂಡಿನವು, ತಲೆಗೆ ಚಪ್ಪಟೆ ಟೋಪಿ. ಅವನನ್ನು ನಮ್ಮ ಬ್ರಾಡ್ ಗೇಜಿನ ಉಗಿ ಇಂಜಿನ್ನಾದ ಡಬ್ಲ್ಯೂಪಿಯಲ್ಲಿ ನಿಲ್ಲಿಸಿದರೆ 1947ರಲ್ಲಿ ಮನೆಗೆ ಹೋಗಲು ಮರೆತವನಂತೆ ಕಾಣುತ್ತಾನೆ. ಅದಕ್ಕೆ ಟೋಪಿ ಕೆರೆದು ತೆಗೆದು, ಎಂ-ಸೀಲ್‌ನ ಒಂದು ಚೂರನ್ನು ಎಳೆಯಾಗಿ ಹೊಸೆದು ತಲೆಗೆ ಸುತ್ತುತ್ತೇನೆ. ಸೂಜಿಯಲ್ಲಿ ಎರಡು ಮಡಿಕೆ ಒತ್ತಿದರೆ ಟವೆಲ್ ಆಯಿತು. ಮೈಗೆ ಕಂದು, ಕಾವಿ, ಹಳದಿ ಮಣ್ಣಿನ ಬಣ್ಣ, ಚೂರು ಬಿಳಿ. ಅದರ ಮೇಲೆ ತೆಳ್ಳಗಿನ ಕಡುಕಂದು ನೀರು ಬಿಟ್ಟರೆ ಕತ್ತಿನ ಮಡಿಕೆ, ಬೆರಳ ಸಂದು, ಕಣ್ಣಿನ ಗುಳಿ ತಾವಾಗಿಯೇ ಮೂಡುತ್ತವೆ. ಕೊನೆಗೆ ಮೂಗಿನ ತುದಿ, ಕೆನ್ನೆಯ ಮೂಳೆ, ಗೆಣ್ಣುಗಳಿಗೆ ತಿಳಿ ಬಣ್ಣ ಸವರಬೇಕು.

ಕಣ್ಣು ಬರೆಯಬಾರದು. ಬರೆಯಲು ಆಸೆಯಾಗುತ್ತದೆ, ಕೈ ತಡೆದುಕೊಳ್ಳಬೇಕು. ತೆರೆದ ಕಣ್ಣಿನ ಎತ್ತರ ಈ ಅಳತೆಯಲ್ಲಿ ಒಂದು ಮಿಲಿಮೀಟರಿನ ಏಳನೇ ಒಂದು ಭಾಗವೂ ಇಲ್ಲ. ಅಲ್ಲಿ ಬಿಳಿ ಚುಕ್ಕಿ ಇಟ್ಟು ಕಪ್ಪು ಚುಕ್ಕಿ ಇಟ್ಟರೆ, ಡ್ರೈವರ್ ಎದುರಿಗೆ ಇನ್ನೊಂದು ರೈಲು ಬರುತ್ತಿರುವುದನ್ನು ಕಂಡವನ ಹಾಗೆ ನೋಡತೊಡಗುತ್ತಾನೆ. ಗುಳಿಯಲ್ಲಿ ನೆರಳಿದ್ದರೆ ಸಾಕು, ಕಣ್ಣನ್ನು ನೋಡುವವರೇ ಇಟ್ಟುಕೊಳ್ಳುತ್ತಾರೆ. ಅಚ್ಚ ಕಪ್ಪೂ ಬೇಡ. ಇಷ್ಟು ಸಣ್ಣ ಮೈಮೇಲೆ ಕಪ್ಪು ಬರೀ ತೂತಿನಂತೆ ಕಾಣುತ್ತದೆ, ಕಡುಬೂದು ಹಚ್ಚಬೇಕು. ಮಸಿಯಲ್ಲೇ ಬದುಕು ಕಳೆದವನಿಗೆ ಕಪ್ಪು ಹಚ್ಚುವಂತಿಲ್ಲ, ತಮಾಷೆ ಅಲ್ವಾ?

ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬೊಂಬೆಯ ನಿಲುವು ಸರಿಯಿಲ್ಲದಿದ್ದರೆ ಎಲ್ಲ ನೀರುಪಾಲು. ಅಂಗಡಿಯವರಿಗೆ ಇಷ್ಟವಾದದ್ದು ಕೆಲಸ ಮಾಡುತ್ತಿರುವ ಬೊಂಬೆ. ಸಲಿಕೆ ತುಂಬ ಕಲ್ಲಿದ್ದಲು ಎತ್ತಿ, ಸೊಂಟ ತಿರುಗಿಸಿ, ಇನ್ನೇನು ಬೆಂಕಿಗೆ ಎಸೆಯಬೇಕು ಎನ್ನುವ ಫೈರ್‌ಮನ್. ಪೆಟ್ಟಿಗೆಯಲ್ಲಿ ಬಹಳ ಚೆಂದ. ಇಂಜಿನ್ನಿಗೆ ಹತ್ತಿಸಿ ರೈಲು ಓಡಿಸಿ. ಒಂದು ಸುತ್ತು, ಎರಡು ಸುತ್ತು, ಅವನು ಎಸೆಯುವುದೇ ಇಲ್ಲ. ಸ್ಟೇಷನ್ನಿನಲ್ಲಿ ರೈಲು ನಿಂತರೂ ಸಲಿಕೆ ಇಳಿಸುವುದಿಲ್ಲ. ನೋಡುವವರಿಗೇ ಬೆನ್ನು ನೋಯುತ್ತದೆ. ಏನೂ ಮಾಡದೆ ನಿಂತವನಿಗೆ ಈ ಕಷ್ಟವಿಲ್ಲ. ಕಿಟಕಿಗೆ ಮೊಣಕೈ ಊರಿ ಹೊರಗೆ ನೋಡುವ ಡ್ರೈವರ್, ರೈಲು ಓಡುವಾಗಲೂ ಸರಿ, ಸಿಗ್ನಲ್ಲಿಗೆ ಕಾಯುವಾಗಲೂ ಸರಿ, ರಾತ್ರಿ ಬೀರುವಿನಲ್ಲಿಟ್ಟಾಗಲೂ ಸರಿ.

ಸುಮ್ನೆ ನಿಲ್ಲುವುದನ್ನು ಕಲಿಯಲು ಬೆಂಗಳೂರಿಗಿಂತ ಒಳ್ಳೆಯ ಊರಿಲ್ಲ. ಗಾಂಧಿ ಬಜಾರಿನ ಮೂಲೆಯಲ್ಲಿ ಬೈಟು ಕಾಫಿ ಹಿಡಿದು ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತವರು. ಖಾಕಿ ತೊಟ್ಟು, ಹ್ಯಾಂಡಲ್ ಮೇಲೆ ಎರಡೂ ಮುಂಗೈ ಇಟ್ಟು ಸಿಗ್ನಲ್ ಕಾಯುವ ಆಟೋದವರು. ಜೆಸಿಬಿ ರಸ್ತೆ ಅಗೆಯುವುದನ್ನು ಕೈ ಹಿಂದೆ ಕಟ್ಟಿಕೊಂಡು ನೋಡುವವರು, ಅವರಲ್ಲಿ ಆ ಕೆಲಸಕ್ಕೆ ಸಂಬಂಧಪಟ್ಟವರು ಒಬ್ಬರೂ ಇರುವುದಿಲ್ಲ. ಇವರ ಭುಜ ನೋಡಿ, ಒಂದು ಇಳಿದಿರುತ್ತದೆ. ಅದನ್ನು ಬೊಂಬೆಗೆ ತರಬೇಕೆಂದರೆ ತೋಳು ಕತ್ತರಿಸಿ ಒಂದು ಕೂದಲೆಳೆ ಕೆಳಗೆ ಅಂಟಿಸಬೇಕು. ಕೈಗೆ ಚೂರು ದಾರದ ಸಿಕ್ಕು ಅಂಟಿಸಿದರೆ ಎಣ್ಣೆ ಮಸಿ ಒರೆಸುವ ಕಾಟನ್ ವೇಸ್ಟ್. ಅದಿಲ್ಲದ ಇಂಜಿನ್ ಡ್ರೈವರ್ ಉಂಟೇ?

ಕ್ಯಾಬಿನಲ್ಲಿ ಜಾಗ ಸಿಗುವುದು ಇನ್ನೊಂದು ಕತೆ. ಹಳೆಯ ಮಾಡೆಲ್‌ಗಳಲ್ಲಿ ಮೋಟಾರು ಕ್ಯಾಬಿನೊಳಕ್ಕೇ ಚಾಚಿಕೊಂಡಿರುತ್ತದೆ. ಆಗ ಬೊಂಬೆಯ ಕಾಲನ್ನು ಮಂಡಿಯ ಹತ್ತಿರ ಕತ್ತರಿಸದೆ ಗತಿಯಿಲ್ಲ. ಹೊರಗಿನಿಂದ ಗೊತ್ತಾಗುವುದಿಲ್ಲ ಬಿಡಿ. ಫೈರ್‌ಮನ್ ಇಂಜಿನ್ನಿಗೂ ಅದರ ಹಿಂದಿನ ಕಲ್ಲಿದ್ದಲ ಗಾಡಿಯಾದ ಟೆಂಡರಿಗೂ ನಡುವೆ ನಿಂತರೆ ಎರಡಕ್ಕೂ ಅಂಟಿಸುವ ಹಾಗಿಲ್ಲ, ತಿರುವು ಬಂದ ಕೂಡಲೇ ಒಂದು ಕಾಲು ಅತ್ತ, ಒಂದು ಇತ್ತ. ಗ್ಯಾಸ್ ಉರಿಸಿ ನಿಜವಾದ ಉಗಿಯಲ್ಲೇ ಓಡುವ ದೊಡ್ಡ ಮಾಡೆಲ್‌ಗಳಲ್ಲಿ ಆಳು ಒಂಬತ್ತು ಸೆಂಟಿಮೀಟರ್ ಇರುತ್ತಾನೆ, ಜಾಗವೂ ಧಾರಾಳ, ಆದರೆ ಕ್ಯಾಬ್ ಬಿಸಿಯಾಗುತ್ತದೆ. ಸಾದಾ ಪ್ಲಾಸ್ಟಿಕ್ಕಿನವನು ಮೆತ್ತಗಾಗಿ ಬಾಗುತ್ತಾನೆ. ಅಲ್ಲಿಗೆ ಲೋಹದವನೇ ಆಗಬೇಕು.

ಇನ್ನು ಮೂರನೆಯವನು. ಇಂಗ್ಲೆಂಡಿನ ಪೊಟ್ಟಣದಲ್ಲಿ ಇಬ್ಬರೇ ಬರುತ್ತಾರೆ, ಒಬ್ಬ ಡ್ರೈವರ್, ಒಬ್ಬ ಫೈರ್‌ಮನ್. ನಮ್ಮ ಡಬ್ಲ್ಯೂಪಿಯ ಬೆಂಕಿ ಉರಿಯುವ ಜಾಲರಿಯೇ 46 ಚದರಡಿ. ಅದಕ್ಕೆ ಒಬ್ಬ ಸಾಲುತ್ತಿರಲಿಲ್ಲ. ಟೆಂಡರಿನಿಂದ ಕಲ್ಲಿದ್ದಲು ಮುಂದಕ್ಕೆ ಎಳೆದು, ದೊಡ್ಡ ಗಟ್ಟಿ ಒಡೆದು ಕೊಡಲು ಎರಡನೇ ಫೈರ್‌ಮನ್ ಇರುತ್ತಿದ್ದ. 1995ರ ಡಿಸೆಂಬರ್ 6ಕ್ಕೆ ಬ್ರಾಡ್ ಗೇಜಿನಲ್ಲಿ ಉಗಿ ಇಂಜಿನ್ನಿನ ದಿನನಿತ್ಯದ ಓಟ ನಿಂತಿತು. ಅವನ ಕೆಲಸವೂ ಅಲ್ಲಿಗೆ ಮುಗಿಯಿತು. ಡ್ರೈವರ್ ಆದರೂ ಲೋಕೋ ಪೈಲಟ್ ಎಂಬ ಹೆಸರಿನಲ್ಲಿ ಉಳಿದುಕೊಂಡ. ಹಾಗಾಗಿ ಇವನನ್ನು ನಾನೇ ಮಾಡಬೇಕು. ಪ್ಲಾಟ್‌ಫಾರ್ಮಿನಲ್ಲಿ ಕೂರುವ ಪ್ರಯಾಣಿಕನೊಬ್ಬನ ಕೋಟು ಕೆರೆದು ಬನಿಯನ್ ಮಾಡಿದ್ದೇನೆ, ಕಲ್ಲಿದ್ದಲ ರಾಶಿಯ ಮೇಲೆ ಕೂರುತ್ತಾನೆ. ಕೈಗೆ ಬೀಡಿ ಕೊಡೋಣವೆಂದಿದ್ದೆ. ಲೆಕ್ಕ ಹಾಕಿದರೆ ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಬರುವುದಿಲ್ಲ. ಟೀ ಲೋಟ ಆದರೆ ಒಂದು ಮಿಲಿಮೀಟರ್ ಎತ್ತರ ಸಿಗುತ್ತದೆ, ತಾಮ್ರದ ತಂತಿಯ ತುಂಡೊಂದು ಸಾಕು. ಟೀನೇ ಕೊಡುತ್ತೇನೆ.